ಒಂದಕ್ಕಿಂತ ಹೆಚ್ಚು ನೇಮಕಪತ್ರಗಳು ಬಂದಾಗ: ಗಡಿನಾಡಿನ ಕನ್ನಡ ಮಕ್ಕಳ ಉದ್ಯೋಗದ ಆಯ್ಕೆಯ ಚರಿತ್ರೆ

ಟಿಪ್ಪಣಿ ದೀರ್ಘವಾಗಿದೆ, ಬಿಡುವು ಮಾಡಿಕೊಂಡು ಓದಬೇಕೆಂದು ವಿನಂತಿ.

ಕಳೆದ ಶನಿವಾರ ಸಂಜೆ ಬದಿಯಡ್ಕ ಕಡೆಯ ದಂಪತಿಗಳಿಬ್ಬರು ನಮ್ಮ ಮನೆಯ ಜಗಲಿಯಲ್ಲಿ ಬಂದು ಕುಳಿತರು. ಅವರ ಮಗಳು ನಾನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಕಲಿತವಳು. ಗಣಿತದಲ್ಲಿ ಪದವಿ ಪಡೆದು, ಬಿ.ಎಡ್. ಮುಗಿಸಿ, ಕೆ-ಟೆಟ್ ಪರೀಕ್ಷೆಯನ್ನೂ ದಾಟಿದ್ದಾಳೆ. ತಂದೆಯ ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಮೂರು ಕಾಗದಗಳಿದ್ದವು. ಒಂದು, ಪಿಎಸ್‌ಸಿಯ ಅಡ್ವೈಸ್ ಮೆಮೊ ಮತ್ತು ಅದರ ಬೆನ್ನಿಗೇ ಬಂದ ಆದೇಶ: ಸರಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಮಾಧ್ಯಮದ ಗಣಿತ ಅಧ್ಯಾಪಿಕೆ. ಇನ್ನೊಂದು, ಸಾರ್ವಜನಿಕ ರಂಗದ ಬ್ಯಾಂಕಿನ ಗುಮಾಸ್ತೆಯ ಹುದ್ದೆ, ಕರ್ನಾಟಕದ ಶಾಖೆಯಲ್ಲಿ. ಮೂರನೆಯದು, ಅಂತರ್ಜಾಲದ ಮೂಲಕ ಗಣಿತ ಕಲಿಸುವ ಬೆಂಗಳೂರಿನ ಖಾಸಗಿ ಕಂಪನಿಯದು. ಅದರಲ್ಲಿದ್ದ ಅಂಕಿ ಉಳಿದೆರಡಕ್ಕಿಂತಲೂ ದೊಡ್ಡದು.

"ಎಂತ ಮಾಡುವುದೂಂತ ಗೊತ್ತಾಗುವುದಿಲ್ಲ ಮಾಷ್ಟ್ರೇ, ನೀವೇ ಒಂದು ಹೇಳಿ" ಎಂದರು ತಂದೆ. ತಾಯಿ ಅಷ್ಟು ಹೊತ್ತು ಸುಮ್ಮನಿದ್ದವರು, "ಕನ್ನಡ ಶಾಲೆ ಇನ್ನು ಎಷ್ಟು ವರ್ಷ ಉಳಿದೀತು, ಅದನ್ನು ಮೊದಲು ಹೇಳಿ" ಎಂದರು.

ನಾನು ಅಂದು ಉತ್ತರ ಕೊಡಲಿಲ್ಲ. ಮಗಳನ್ನು ಒಬ್ಬಳೇ ಕಳುಹಿಸಿ ಎಂದೆ. ಅವರು ಹೋದ ಬಳಿಕ ನನಗೆ ಹೊಳೆದ ಸಂಗತಿಯೆಂದರೆ, ಈ ಪ್ರಶ್ನೆ ನಮ್ಮ ನೆಲದಲ್ಲಿ ಹೊಸತಲ್ಲ. ಮೂರು ತಲೆಮಾರುಗಳಿಂದ ನಮ್ಮ ಯುವಜನರು ಓದು ಮುಗಿಸಿದೊಡನೆ ಎರಡು ಕಾಗದಗಳನ್ನು ಹಿಡಿದುಕೊಂಡು ಇದೇ ಜಗಲಿಗಳಲ್ಲಿ ಕುಳಿತಿದ್ದಾರೆ. ಅವರು ಯಾವ ಲೆಕ್ಕ ಹಾಕಿದರು, ಆ ಲೆಕ್ಕ ಎಲ್ಲಿ ಸರಿಯಾಯಿತು, ಎಲ್ಲಿ ತಪ್ಪಿತು ಎಂಬುದನ್ನು ಯಾರಾದರೂ ಬರೆದಿಡಬೇಕಿತ್ತು.

ಕಾಸರಗೋಡು 1799ರಿಂದ ಮದರಾಸು ಆಡಳಿತಕ್ಕೆ ಸೇರಿದ್ದ ಕನ್ನಡ ಜಿಲ್ಲೆಯ ದಕ್ಷಿಣದ ತುದಿ. ಮನೆಯಲ್ಲಿ ತುಳುವೋ, ಮಲೆಯಾಳವೋ, ಕೊಂಕಣಿಯೋ, ಹವ್ಯಕ ಕನ್ನಡವೋ ಇರಬಹುದು. ಶಾನುಭೋಗರ ಲೆಕ್ಕ, ಜಮೀನಿನ ದಸ್ತಾವೇಜು, ಬೋರ್ಡ್ ಶಾಲೆಯ ಹಾಜರಿ ಪುಸ್ತಕ ಕನ್ನಡದಲ್ಲಿದ್ದವು. ಕಲಿತವನಿಗೆ ಇದ್ದ ದಾರಿಗಳು ಬೆರಳೆಣಿಕೆಯವು: ಕಂದಾಯ ಕಚೇರಿ, ಮುನ್ಸೀಫ್ ಕೋರ್ಟು, ಶಾಲೆ. 1907ರಲ್ಲಿ ರೈಲು ಮಂಗಳೂರನ್ನು ಮುಟ್ಟಿದ ಮೇಲೆ ಮದರಾಸು ಹತ್ತಿರವಾಯಿತು. ಅದೇ ಆಸುಪಾಸಿನಲ್ಲಿ ಬ್ಯಾಂಕುಗಳು ಹುಟ್ಟಿಕೊಂಡವು: 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ನಿಧಿ, ಮುಂದೆ ಅದೇ ಕೆನರಾ ಬ್ಯಾಂಕ್, ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ನಾಟಕ ಬ್ಯಾಂಕ್, 1925ರಲ್ಲಿ ಮುಂದೆ ಸಿಂಡಿಕೇಟ್ ಎಂದು ಹೆಸರಾದ ಸಂಸ್ಥೆ, 1931ರಲ್ಲಿ ವಿಜಯಾ ಬ್ಯಾಂಕ್. ಒಂದು ಜಿಲ್ಲೆಯ ಹಿರಿಯರು ಐದು ಬ್ಯಾಂಕುಗಳನ್ನು ಕಟ್ಟಿದ್ದರ ಫಲವಾಗಿ, ಆ ಜಿಲ್ಲೆಯ ಹುಡುಗನ ಕೈಗೆ ಮೊದಲ ಬಾರಿಗೆ 'ಇದೋ ಅದೋ' ಎಂಬ ಆಯ್ಕೆ ಬಂತು. ಶಾಲೆ ಅಥವಾ ಬ್ಯಾಂಕು. ಈ ಜೋಡಿ ನಮ್ಮಲ್ಲಿ ನೂರು ವರ್ಷದಷ್ಟು ಹಳೆಯದು. ಅಂದು ಎರಡು ಕಡೆಯಲ್ಲೂ ಕನ್ನಡ ಬೇಕಾಗಿತ್ತಾದ್ದರಿಂದ ಭಾಷೆ ಆ ಲೆಕ್ಕದಲ್ಲಿ ಬರುತ್ತಲೇ ಇರಲಿಲ್ಲ.

ಭಾಷೆ ಲೆಕ್ಕಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಫಜಲ್ ಆಲಿ ಆಯೋಗದ ಶಿಫಾರಸಿನಂತೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಪುತ್ತೂರು, ಬಂಟ್ವಾಳಗಳು ಮೈಸೂರು ರಾಜ್ಯಕ್ಕೆ ಹೋದವು. ಸರಕಾರಿ ನೌಕರರ ಗತಿಯೇನು ಎಂಬುದನ್ನು ರಾಜ್ಯ ಪುನರ್ವಿಂಗಡಣಾ ಕಾಯಿದೆಯ 115ನೆಯ ಕಲಮು ಹೇಳುತ್ತದೆ. ಯಾರು ಕೊನೆಗೆ ಯಾವ ರಾಜ್ಯಕ್ಕೆ ಎಂದು ಗೊತ್ತುಮಾಡುವ ಅಧಿಕಾರ ಕೇಂದ್ರ ಸರಕಾರದ್ದು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಯಾರ ಸೇವಾ ನಿಬಂಧನೆಯನ್ನೂ ಅವರಿಗೆ ನಷ್ಟವಾಗುವಂತೆ ಬದಲಿಸಕೂಡದು. ಕಾಗದದ ಮೇಲೆ ಒಳ್ಳೆಯ ರಕ್ಷಣೆ. ಆದರೆ ಆಗಷ್ಟೇ ತರಬೇತಿ ಮುಗಿಸಿ ಇನ್ನೂ ಎಲ್ಲಿಯೂ ಸೇರದಿದ್ದ ಇಪ್ಪತ್ತೆರಡರ ಯುವಕನಿಗೆ ಈ ಕಲಮು ಅನ್ವಯಿಸುತ್ತಲೇ ಇರಲಿಲ್ಲ. ಅವನು ತಾನೇ ನಿರ್ಧರಿಸಬೇಕಿತ್ತು.

ನನಗೆ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದ ಗುರುಗಳು ಅಂತಹ ಒಬ್ಬರು. 1957ರಲ್ಲಿ ಅವರಿಗೆ ಎರಡು ಕಡೆಯಿಂದ ಕರೆ ಬಂದಿತ್ತು, ಒಂದು ಪುತ್ತೂರು ತಾಲೂಕಿನ ಶಾಲೆಯಿಂದ, ಇನ್ನೊಂದು ಮನೆಯಿಂದ ಎರಡು ಮೈಲು ದೂರದ ನಮ್ಮೂರ ಶಾಲೆಯಿಂದ. ಅವರ ಸಹಪಾಠಿ ಗಡಿ ದಾಟಿದರು. ಇವರು ಉಳಿದರು. 'ಎರಡು ವರ್ಷದೊಳಗೆ ಕಾಸರಗೋಡು ಹೇಗೂ ಮೈಸೂರಿಗೆ ಸೇರುತ್ತದೆ, ಮತ್ತೇಕೆ ಮನೆ ಬಿಡಬೇಕು' ಎಂಬುದು ಅವರ ಲೆಕ್ಕ. ಅಂದು ಬಹುಮಂದಿಯ ಲೆಕ್ಕವೂ ಅದೇ ಆಗಿತ್ತು. 1966ರಲ್ಲಿ ಮಹಾಜನ ಆಯೋಗ ನೇಮಕವಾಗಿ, 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದು ವರದಿ ಕೊಟ್ಟಾಗ ಆ ಲೆಕ್ಕ ಸರಿಯಾಯಿತೆಂದೇ ತೋರಿತು. ವರದಿ ಜಾರಿಯಾಗಲಿಲ್ಲ. ಗುರುಗಳು ಮಲೆಯಾಳ ಬಾರದೆಯೇ ಕೇರಳ ಸರಕಾರದ ನೌಕರರಾಗಿ ನಿವೃತ್ತರಾದರು. ಅವರ ಪಿಂಚಣಿಯ ಪತ್ರವ್ಯವಹಾರ ಮಲೆಯಾಳದಲ್ಲಿ ಬರುತ್ತಿತ್ತು. 1969ರ ಕೇರಳದ ಅಧಿಕೃತ ಭಾಷಾ ಕಾಯಿದೆಯ ಪ್ರಕಾರ ಕನ್ನಡ ಅಲ್ಪಸಂಖ್ಯಾತರು ಕನ್ನಡದಲ್ಲಿ ಬರೆದರೆ ಕನ್ನಡದಲ್ಲೇ ಉತ್ತರ ಸಿಗಬೇಕು; ಅವರು ಕನ್ನಡದಲ್ಲೇ ಬರೆಯುತ್ತಿದ್ದರು, ಉತ್ತರ ಮಾತ್ರ ಕಚೇರಿಯ ಅನುಕೂಲದಂತೆ ಬರುತ್ತಿತ್ತು. ಅದನ್ನು ಓದಿ ಹೇಳಲು ನಾನು ಹೋಗುತ್ತಿದ್ದೆ. ಒಂದು ಸಲ ಕೇಳಿದೆ, ಪುತ್ತೂರಿಗೆ ಹೋಗಬೇಕಿತ್ತೆಂದು ಅನಿಸುತ್ತದೆಯೇ ಎಂದು. "ಹೋಗಿದ್ದರೆ ಈ ಕಾಗದ ನಾನೇ ಓದುತ್ತಿದ್ದೆ. ನಿನಗೆ ಪಂಪನನ್ನು ಯಾರು ಓದಿಸುತ್ತಿದ್ದರು?" ಎಂದರು. ಸಂತೋಷದಿಂದ ಹೇಳಿದರೋ ಬೇಸರದಿಂದಲೋ, ನನಗೆ ಇಂದಿಗೂ ತಿಳಿದಿಲ್ಲ.

ಅವರ ಪೀಳಿಗೆಗೆ ಕಣ್ಣೆದುರು ಒಬ್ಬ ಹಿರಿಯರಿದ್ದರು. ಕಯ್ಯಾರ ಕಿಞ್ಞಣ್ಣ ರೈಗಳು ಮಂಗಳೂರಿನ ಪತ್ರಿಕೆಗಳಲ್ಲಿ ದುಡಿದು, ಬಳಿಕ ಪೆರಡಾಲದ ಪ್ರೌಢಶಾಲೆಯಲ್ಲಿ ಅಧ್ಯಾಪಕರಾದವರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ನೂರರ ವಯಸ್ಸಿನವರೆಗೂ ಹೇಳುತ್ತಲೇ ಇದ್ದರು. ಹಾಗೆ ಹೇಳುತ್ತಲೇ ಕೇರಳದ ಶಾಲೆಯಲ್ಲಿ ಪಾಠ ಮಾಡಿದರು, ಪಂಚಾಯತಿನ ಅಧ್ಯಕ್ಷರೂ ಆದರು. ಹೋರಾಟ ಒಂದು ಕಡೆ, ತಿಂಗಳ ಸಂಬಳ ಇನ್ನೊಂದು ಕಡೆ. ಒಂದಕ್ಕಾಗಿ ಇನ್ನೊಂದನ್ನು ಬಿಡಬೇಕಾಗಿಲ್ಲ ಎಂಬುದನ್ನು ಅವರ ಬದುಕು ತೋರಿಸಿತು. ಆದರೆ ಎಲ್ಲರೂ ಕಯ್ಯಾರರಾಗಲಾರರು, ಆಗಬೇಕೆಂದು ಒತ್ತಾಯಿಸುವುದೂ ಸರಿಯಲ್ಲ.

ಈ ನಡುವೆ ದಿಲ್ಲಿಯಲ್ಲಿ ಕೆಲವು ಮಾತುಗಳು ಆಗಿದ್ದವು. ಹೆತ್ತವರಾದ ನೀವು ಅವನ್ನು ತಿಳಿದಿರಬೇಕು, ಏಕೆಂದರೆ ನಿಮ್ಮ ಮಕ್ಕಳ ಕೈಗೆ ಎರಡು ಮೂರು ಕಾಗದ ಬರುವಂತಾದದ್ದರ ಹಿಂದೆ ಆ ಮಾತುಗಳಿವೆ. 1949ರ ಆಗಸ್ಟಿನಲ್ಲಿ ಸೇರಿದ್ದ ಪ್ರಾಂತ್ಯಗಳ ವಿದ್ಯಾಮಂತ್ರಿಗಳ ಸಮ್ಮೇಳನವು, ಒಂದು ಶಾಲೆಯಲ್ಲಿ 40 ಮಂದಿ ಅಥವಾ ಒಂದು ತರಗತಿಯಲ್ಲಿ 10 ಮಂದಿ ಅಲ್ಪಸಂಖ್ಯಾತ ಭಾಷೆಯ ಮಕ್ಕಳಿದ್ದರೆ ಅವರಿಗೆ ತಾಯ್ನುಡಿಯಲ್ಲಿ ಕಲಿಸಲು ಕನಿಷ್ಠ ಒಬ್ಬ ಅಧ್ಯಾಪಕನನ್ನು ಕೊಡಬೇಕೆಂದು ಒಪ್ಪಿತು. 1956ರಲ್ಲಿ ಸಂವಿಧಾನದ ಏಳನೆಯ ತಿದ್ದುಪಡಿಯಿಂದ 350ಎ ಮತ್ತು 350ಬಿ ವಿಧಿಗಳು ಬಂದವು: ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ, ಹಾಗೂ ಅಲ್ಪಸಂಖ್ಯಾತರ ಮೇಲ್ವಿಚಾರಣೆಗೆ ಒಬ್ಬ ವಿಶೇಷಾಧಿಕಾರಿ. ಅದೇ ವರ್ಷ ಕೇಂದ್ರವು ಹೊರಡಿಸಿದ ಜ್ಞಾಪನದಲ್ಲಿ ಉದ್ಯೋಗದ ವಿಚಾರವೂ ಇತ್ತು. ರಾಜ್ಯಭಾಷೆಯ ಜ್ಞಾನವನ್ನು ನೇಮಕಕ್ಕೆ ಮೊದಲೇ ಕೇಳಬಾರದು. ನೇಮಕವಾದ ಮೇಲೆ ಪ್ರೊಬೇಶನ್ ಮುಗಿಯುವುದರೊಳಗೆ ಪರೀಕ್ಷೆ ಪಾಸಾದರೆ ಸಾಕು. 1961ರ ಮುಖ್ಯಮಂತ್ರಿಗಳ ಸಮ್ಮೇಳನ ಇದನ್ನು ಮತ್ತೆ ಒಪ್ಪಿಕೊಂಡಿತು.

ಒಪ್ಪಿಕೊಂಡದ್ದು ಎಲ್ಲೆಡೆ ನಡೆಯಲಿಲ್ಲ. ಹೊಸೂರು, ತಾಳವಾಡಿಯವರಿಗೆ ಇದು ಗೊತ್ತೇ ಇದೆ. 2006ರ ಕಾಯಿದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಹಂತಹಂತವಾಗಿ ಕಡ್ಡಾಯವಾಯಿತು. 2021ರ ಕೊನೆಯಲ್ಲಿ ಆ ರಾಜ್ಯದ ಸೇವಾ ಆಯೋಗದ ಪರೀಕ್ಷೆಗಳಲ್ಲಿ ತಮಿಳು ಅರ್ಹತಾ ಪತ್ರಿಕೆಯಲ್ಲಿ ನೂರಕ್ಕೆ 40 ಪಡೆಯದವರ ಉಳಿದ ಉತ್ತರ ಪತ್ರಿಕೆಯನ್ನು ನೋಡುವುದೇ ಇಲ್ಲವೆಂದಾಯಿತು. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ಆಂಧ್ರಕ್ಕೆ ಹೋದ ಆದೋನಿ, ಆಲೂರು, ರಾಯದುರ್ಗಗಳವರೂ, ಸಂಸ್ಥಾನಗಳು ವಿಲೀನವಾದ ಮೇಲೆ ಮಹಾರಾಷ್ಟ್ರದಲ್ಲಿ ಉಳಿದ ಅಕ್ಕಲಕೋಟೆ, ಜತ್ತಿನವರೂ ತಮ್ಮ ತಮ್ಮ ಅನುಭವವನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ನಾನು ಬಲ್ಲದ್ದು ಕಾಸರಗೋಡು, ಅದನ್ನೇ ಮುಂದುವರಿಸುತ್ತೇನೆ.

ಕೇರಳದಲ್ಲಿ ಒಂದು ಒಳ್ಳೆಯದು ಬೇಗನೆ ಆಯಿತು. 1958ರ ಶಿಕ್ಷಣ ಕಾಯಿದೆಯಿಂದ ಅನುದಾನಿತ ಶಾಲೆಯ ಅಧ್ಯಾಪಕನಿಗೂ ಸರಕಾರವೇ ನೇರವಾಗಿ ಸಂಬಳ ಕೊಡುವಂತಾಯಿತು. ಅದುವರೆಗೆ ಮ್ಯಾನೇಜರರ ಮನೆಯಂಗಳದಲ್ಲಿ ನಿಂತು ಕಾಯುತ್ತಿದ್ದ ಮಾಷ್ಟ್ರು ಖಜಾನೆಯಿಂದ ಸಂಬಳ ಪಡೆಯುವವರಾದರು. 1970ರ ಜನವರಿ 1ರಿಂದ ಭೂಸುಧಾರಣೆಯ ಪ್ರಕಾರ ಗೇಣಿ ಪದ್ಧತಿ ಕೊನೆಗೊಂಡಿತು. ಇದರ ಪರಿಣಾಮ ನಮ್ಮ ಉದ್ಯೋಗದ ಚರಿತ್ರೆಯಲ್ಲಿ ಬಹಳ ದೊಡ್ಡದು. ಗೇಣಿ ಅಕ್ಕಿಯನ್ನು ನಂಬಿ ಕುಳಿತಿದ್ದ ಮನೆಗಳ ಮಕ್ಕಳು ಮೊದಲ ಬಾರಿಗೆ ಸಂಬಳದ ಕೆಲಸವನ್ನು ಗಂಭೀರವಾಗಿ ಹುಡುಕಿದರು. ಗೇಣಿ ಕೊಡುತ್ತಿದ್ದ ನಮ್ಮಂತಹ ಮನೆಗಳಿಗೆ ಅಡಿಕೆಯ ನಾಲ್ಕು ಸಾಲು ಸ್ವಂತದ್ದಾಯಿತು. ಬೆನ್ನ ಹಿಂದೆ ಅಷ್ಟು ನೆಲ ಇಲ್ಲದಿದ್ದರೆ ನನ್ನ ತಂದೆ ನನ್ನನ್ನು ಎಂ.ಎ.ವರೆಗೆ ಓದಿಸುತ್ತಲೂ ಇರಲಿಲ್ಲ, 1983ರಲ್ಲಿ ಎರಡು ಕಾಗದ ಬಂದಾಗ 'ನಿನಗೆ ಬೇಕಾದ್ದು ಆರಿಸಿಕೋ' ಎನ್ನುತ್ತಲೂ ಇರಲಿಲ್ಲ. ಆಯ್ಕೆ ಎಂಬುದು ಮನೆಯಲ್ಲಿ ಒಂದಿಷ್ಟು ಅಕ್ಕಿ ಇದ್ದವನಿಗೆ ಮಾತ್ರ ಇರುವ ವಸ್ತು ಎಂಬುದನ್ನು ನಾವು, ಸಲಹೆ ಕೊಡುವ ಹಿರಿಯರು, ಮರೆತುಬಿಡುತ್ತೇವೆ.

ನನ್ನ ಆ ಎರಡು ಕಾಗದಗಳ ಕಥೆ ಇಷ್ಟು. ಮಂಗಳಗಂಗೋತ್ರಿಯಲ್ಲಿ ಎಂ.ಎ. ಮುಗಿಸಿ, ಬಿ.ಎಡ್. ಕೂಡ ಮಾಡಿದ್ದೆ. ಬ್ಯಾಂಕುಗಳ ನೇಮಕಾತಿ ಮಂಡಳಿಯ ಪರೀಕ್ಷೆ ಬರೆದಿದ್ದೆ. ಮೇ ತಿಂಗಳ ಒಂದೇ ವಾರದಲ್ಲಿ ಎರಡೂ ಬಂದವು: ಒಂದು ಬ್ಯಾಂಕಿನ ಗುಮಾಸ್ತೆಯ ಕೆಲಸ, ದೂರದ ಊರಿನಲ್ಲಿ, ಮತ್ತೊಂದು ಅನುದಾನಿತ ಪ್ರೌಢಶಾಲೆಯ ಕನ್ನಡ ಅಧ್ಯಾಪಕನ ಹುದ್ದೆ. (ಅಂದು ಆ ಶಾಲೆಯವರು ನನ್ನಿಂದ ಹಣ ಕೇಳಲಿಲ್ಲ. ಇಂದು ಕೇಳುವವರಿದ್ದಾರೆ, ಅಂತಹ ನೇಮಕವನ್ನು ನೇಮಕವೆಂದು ನಾನು ಎಣಿಸುವುದಿಲ್ಲ, ಅದು ಖರೀದಿ.) ಬ್ಯಾಂಕಿನ ಸಂಬಳ ಹೆಚ್ಚು. ಊರೆಲ್ಲ ಬ್ಯಾಂಕಿಗೆ ಹೋಗೆಂದಿತು. ನಾನು ಶಾಲೆಗೆ ಸೇರಿದೆ. ಬೀಳ್ಕೊಡುಗೆಯ ದಿನ ಭಾಷಣಕಾರರು ಇದನ್ನು ಕನ್ನಡದ ಸೇವೆಗಾಗಿ ಮಾಡಿದ ತ್ಯಾಗವೆಂದು ಬಣ್ಣಿಸಿದರು. ನಿಜ ಹೇಳುವುದಾದರೆ ತಾಯಿಗೆ ಉಬ್ಬಸವಿತ್ತು, ನನಗೆ ಹಿಂದಿ ಬರುತ್ತಿರಲಿಲ್ಲ, ದೂರದ ಊರಿನಲ್ಲಿ ಊಟಕ್ಕೇನು ಮಾಡುವುದೆಂಬ ಭಯವಿತ್ತು. ತ್ಯಾಗ ಎಂಬ ಮಾತು ಮೂವತ್ತು ವರ್ಷಗಳ ಬಳಿಕ ಬಂದು ಸೇರಿಕೊಂಡದ್ದು.

ಈಗ ಹಿಂದಿರುಗಿ ನೋಡಿದರೆ ಬೆರಗಾಗುವುದು ಅಂದು ನಾವು ಏನನ್ನು ತಿಳಿದಿರಲಿಲ್ಲ ಎಂಬುದಕ್ಕೆ. 1983ರಲ್ಲಿ ಬ್ಯಾಂಕಿನ ನೌಕರರಿಗೆ ಪಿಂಚಣಿ ಇರಲಿಲ್ಲ, ಭವಿಷ್ಯನಿಧಿ ಮಾತ್ರ. ಶಾಲೆಯ ಅಧ್ಯಾಪಕನಿಗೆ ಪಿಂಚಣಿ ಇತ್ತು. ಇದನ್ನು ನನಗೆ ಒಬ್ಬರೂ ಹೇಳಲಿಲ್ಲ, ಸಂಬಳವನ್ನಷ್ಟೇ ಹೋಲಿಸಿದರು. ಬ್ಯಾಂಕುಗಳಲ್ಲಿ ಪಿಂಚಣಿಯ ನಿಯಮಾವಳಿ ಬಂದದ್ದು 1995ರಲ್ಲಿ. ಇನ್ನು ಬ್ಯಾಂಕು ಶಾಶ್ವತ, ಕನ್ನಡ ಶಾಲೆ ನಾಳೆಯೋ ನಾಡಿದ್ದೋ ಎಂಬ ಮಾತು. ನಾನು ಬಿಟ್ಟ ಬ್ಯಾಂಕಿನ ಹೆಸರು ಇಂದು ಯಾವ ಫಲಕದಲ್ಲಿಯೂ ಇಲ್ಲ. 2019ರ ಏಪ್ರಿಲಿನಲ್ಲಿ ವಿಜಯಾ ಬ್ಯಾಂಕ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲಿನಲ್ಲಿ ಸಿಂಡಿಕೇಟ್ ಕೆನರಾದಲ್ಲಿಯೂ ಕಾರ್ಪೊರೇಶನ್ ಯೂನಿಯನ್ ಬ್ಯಾಂಕಿನಲ್ಲಿಯೂ ಲೀನವಾದವು. ನಮ್ಮ ಹಿರಿಯರು ಕಟ್ಟಿದ ಐದರಲ್ಲಿ ಮೂರು ಹೋದವು. ನೌಕರರ ಕೆಲಸ ಹೋಗಲಿಲ್ಲ, ನಿಜ. ಆದರೆ ಆ ತಾಯಿ ಕೇಳಿದ 'ಎಷ್ಟು ವರ್ಷ ಉಳಿದೀತು' ಎಂಬ ಪ್ರಶ್ನೆಯನ್ನು ಬ್ಯಾಂಕಿನ ವಿಷಯದಲ್ಲಿ 1983ರಲ್ಲಿ ಯಾರೂ ಕೇಳಿರಲಿಲ್ಲ.

ಶಾಲೆಯ ಮಟ್ಟಿಗೆ ಆ ಪ್ರಶ್ನೆ ನನಗೆ ಪ್ರತಿವರ್ಷವೂ ಎದುರಾಗುತ್ತಿತ್ತು. ಕೇರಳದಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದಂದು ಮಕ್ಕಳ ತಲೆ ಎಣಿಸುತ್ತಾರೆ. ಆ ಸಂಖ್ಯೆಯ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕರು ಎಂಬುದು ನಿಶ್ಚಯವಾಗುತ್ತದೆ. ಜೂನ್ ತಿಂಗಳ ಮಳೆಯಲ್ಲಿ ಆ ದಿನ ನಾಲ್ಕು ಮಕ್ಕಳು ಕಡಿಮೆಯಾದರೆ ಒಂದು ಡಿವಿಷನ್ ಬೀಳಬಹುದು, ಒಬ್ಬ ಅಧ್ಯಾಪಕನ ಹುದ್ದೆ ಹೋಗಬಹುದು. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಐದನೆಯ ದಿನದ ಸಂಜೆ ಜೀಪು ಮಾಡಿಕೊಂಡು ಮನೆಮನೆಗೆ ಹೋಗಿ, 'ನಾಳೆ ಒಂದು ದಿನ ತಪ್ಪದೆ ಕಳುಹಿಸಿ' ಎಂದು ಬೇಡಿದ್ದೇನೆ. ಒಂದು ವರ್ಷ ಇಬ್ಬರು ಮಕ್ಕಳ ಕೊರತೆಯಿಂದ ನಮ್ಮ ಯುವ ಗಣಿತ ಅಧ್ಯಾಪಕನ ಹುದ್ದೆ ಹೋಯಿತು. ಆತ ಬೇರೊಂದು ಕೆಲಸ ಬಿಟ್ಟು ನನ್ನ ಮಾತಿಗೆ ಬಂದವನು. ಅವನ ತಂದೆಯ ಮುಖ ನೋಡಲು ನನಗೆ ಅನೇಕ ತಿಂಗಳು ಧೈರ್ಯವಾಗಲಿಲ್ಲ. ಅಂದಿನಿಂದ ಯಾರಿಗೂ 'ಕನ್ನಡಕ್ಕಾಗಿ ಬಾ' ಎಂದು ಹೇಳುವುದನ್ನು ನಿಲ್ಲಿಸಿದ್ದೇನೆ.

ಈಗ ಆ ಹುಡುಗಿಯ ಮೂರು ಕಾಗದಗಳಿಗೆ ಬರೋಣ.

ಮೊದಲು ಕಂಪನಿಯದು. ಅದರಲ್ಲಿರುವ ದೊಡ್ಡ ಅಂಕಿ ವರ್ಷದ ಒಟ್ಟು ವೆಚ್ಚದ ಅಂಕಿ, 'ಸಿಟಿಸಿ'. ಅದರೊಳಗೆ ಕಂಪನಿ ಕಟ್ಟುವ ಭವಿಷ್ಯನಿಧಿ, ಗ್ರಾಚ್ಯುಟಿ, ವಿಮೆ, ಗುರಿ ಮುಟ್ಟಿದರೆ ಮಾತ್ರ ಸಿಗುವ ಭಾಗ ಎಲ್ಲವೂ ಸೇರಿವೆ. ತಿಂಗಳಿಗೆ ಕೈಗೆ ಎಷ್ಟು ಎಂದು ಬರೆದು ಕೇಳಬೇಕು. ಅದರಿಂದ ಬೆಂಗಳೂರಿನ ಪಿಜಿಯ ಬಾಡಿಗೆ, ಊಟ, ಊರಿಗೆ ಬರುವ ಬಸ್ಸಿನ ಖರ್ಚು ಕಳೆದ ಮೇಲೆ ಉಳಿಯುವುದೇ ಅವಳ ಸಂಬಳ. ಎರಡು ವರ್ಷ ಬಿಡಕೂಡದೆಂಬ ಬಾಂಡ್ ಇದೆಯೇ, ಬಿಡುವುದಾದರೆ ಎಷ್ಟು ದಿನದ ನೋಟಿಸು ಎಂದೂ ನೋಡಬೇಕು. ಮೂಲ ಅಂಕಪಟ್ಟಿಯನ್ನು ಯಾವ ಕಂಪನಿ ಕೇಳಿದರೂ ಒಪ್ಪಿಸಿ ಬರಬಾರದು. ಕೆಲಸ ಕೊಡುತ್ತೇವೆಂಬ ಪತ್ರ ಬೇರೆ, ಸೇರುವ ದಿನ ನಮೂದಿಸಿದ ನೇಮಕಾತಿ ಆದೇಶ ಬೇರೆ. ಮೊದಲನೆಯದನ್ನು ನಂಬಿ ಇನ್ನೊಂದು ಕಡೆ 'ಬರುವುದಿಲ್ಲ' ಎಂದು ಬರೆದುಕೊಟ್ಟು, ಎರಡನೆಯದಕ್ಕಾಗಿ ಎಂಟು ತಿಂಗಳು ಕಾದ ಹುಡುಗರನ್ನು ನಾನು ಬಲ್ಲೆ. 2022ರ ಬಳಿಕ ಅಂತರ್ಜಾಲ ಪಾಠದ ಕಂಪನಿಗಳು ಸಾಲುಸಾಲಾಗಿ ನೌಕರರನ್ನು ಕೈಬಿಟ್ಟದ್ದನ್ನು ಪತ್ರಿಕೆಯಲ್ಲಿ ಎಲ್ಲರೂ ಓದಿದ್ದೇವೆ. ಇಷ್ಟಾದರೂ ಆ ಕಂಪನಿ ಹಗುರವಾದದ್ದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಕಲಿಯುವ ವೇಗ ಬೇರೆಡೆ ಸಿಗದು. ನನ್ನ ಮಗನೂ ಬೆಂಗಳೂರಿನಲ್ಲೇ ಇದ್ದಾನೆ.

ಬ್ಯಾಂಕು ಮತ್ತು ಶಾಲೆಯ ವಿಷಯದಲ್ಲಿ ಹೆತ್ತವರು ಇಂದಿಗೂ 'ಪಿಂಚಣಿ ಇದೆ' ಎಂಬ ಒಂದೇ ಮಾತನ್ನು ಹಿಡಿದಿರುತ್ತಾರೆ. ಅದು ನನ್ನ ಕಾಲದ ಮಾತು. 2010ರ ಏಪ್ರಿಲ್ 1ರ ಬಳಿಕ ಬ್ಯಾಂಕಿಗೆ ಸೇರಿದವರಿಗೂ, 2013ರ ಏಪ್ರಿಲ್ 1ರ ಬಳಿಕ ಕೇರಳ ಸರಕಾರದ ಸೇವೆಗೆ ಸೇರಿದವರಿಗೂ ಹಳೆಯ ಪಿಂಚಣಿ ಇಲ್ಲ. ಸಂಬಳದಿಂದಲೇ ಪಾಲು ಕಟ್ಟುವ ಕ್ರಮ. ಹಾಗಾಗಿ ಈ ವಿಷಯದಲ್ಲಿ ಎರಡೂ ಹೆಚ್ಚುಕಡಿಮೆ ಸಮಾನ. ವ್ಯತ್ಯಾಸವಿರುವುದು ಬಾಗಿಲು ಮುಚ್ಚುವ ರೀತಿಯಲ್ಲಿ. ಬ್ಯಾಂಕಿನ ಗುಮಾಸ್ತೆಯ ಪರೀಕ್ಷೆ ಪ್ರತಿವರ್ಷ ಬರುತ್ತದೆ, ಆದರೆ ಸಾಮಾನ್ಯ ವರ್ಗಕ್ಕೆ ವಯಸ್ಸು 28ಕ್ಕೆ ಮುಗಿಯುತ್ತದೆ. ಅಧ್ಯಾಪಕ ಹುದ್ದೆಗೆ ವಯಸ್ಸಿನ ಮಿತಿ ಅದಕ್ಕಿಂತ ದೀರ್ಘ, ಆದರೆ ಕನ್ನಡ ಮಾಧ್ಯಮದ ಗಣಿತಕ್ಕೆ ಅಧಿಸೂಚನೆ ಯಾವಾಗ ಬಂದೀತೆಂದು ಹೇಳುವಂತಿಲ್ಲ. ಬಂದರೂ ಪರೀಕ್ಷೆ, ಸಂದರ್ಶನ, ರ‍್ಯಾಂಕ್ ಪಟ್ಟಿ ಎಂದು ವರ್ಷಗಳು ಕಳೆಯುತ್ತವೆ. ಪಟ್ಟಿಯ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ. ಅಡ್ವೈಸ್ ಬಂದ ಮೇಲೆ ಸೇರದಿದ್ದರೆ ಆ ಪಟ್ಟಿಯಲ್ಲಿ ಅವಳ ಹೆಸರು ಮುಗಿಯಿತು. ಆ ಸ್ಥಾನ 'ಎನ್‌ಜೆಡಿ' ಎಂದು ವಾಪಸಾಗಿ ಮುಂದಿನವರಿಗೆ ಹೋಗುತ್ತದೆ. ಮುಂದಿನವರೇ ಇಲ್ಲದಿದ್ದರೆ ಖಾಲಿ ಉಳಿಯುತ್ತದೆ. ಕನ್ನಡ ಮಾಧ್ಯಮದ ಪಟ್ಟಿಗಳು ಎಷ್ಟು ಚಿಕ್ಕವೆಂದು ನಿಮಗೆ ಗೊತ್ತು. ಹಾಗೆ ಖಾಲಿ ಉಳಿದ ಕಡೆಗಳಲ್ಲೇ ಕನ್ನಡ ಬಾರದವರು ಕನ್ನಡ ತರಗತಿಗೆ ಬಂದು ನಿಂತದ್ದು, ಮಕ್ಕಳೂ ಹೆತ್ತವರೂ ಶಾಲೆಯ ಗೇಟಿನಲ್ಲಿ ಕುಳಿತದ್ದು ನಮ್ಮ ಜಿಲ್ಲೆಯಲ್ಲಿ ನಡೆದಿದೆ. ಸೇರುವ ಮನಸ್ಸಿಲ್ಲದವರು ಅಡ್ವೈಸ್ ಬರುವ ಮೊದಲೇ ಪಿಎಸ್‌ಸಿಗೆ ಬರೆದುಕೊಟ್ಟು ಹಕ್ಕು ಬಿಟ್ಟುಕೊಡಬಹುದು. ಅದರಿಂದ ಹಿಂದಿನವರಿಗೆ ದಿನ ಉಳಿಯುತ್ತದೆ. ಇಷ್ಟು ಮಾಡುವುದು ತ್ಯಾಗವೇನಲ್ಲ, ಮರ್ಯಾದೆ.

ಇನ್ನೊಂದು ಸಂಗತಿಯನ್ನು ಆ ತಂದೆ ಗಮನಿಸಿರಲಿಲ್ಲ. ಮೂರು ಕಾಗದಗಳಲ್ಲಿ ಎರಡು ಬಂದದ್ದು ಅವಳು ಕನ್ನಡ ಶಾಲೆಯಲ್ಲಿ ಕಲಿತದ್ದರಿಂದ. ಶಾಲೆಯ ಹುದ್ದೆಯಂತೂ ಸರಿಯೇ. ಬ್ಯಾಂಕಿನ ಗುಮಾಸ್ತೆಯ ನೇಮಕದಲ್ಲಿ ಕೂಡ ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತೀರೋ ಆ ರಾಜ್ಯದ ಭಾಷೆಯನ್ನು ಓದಿ ಬರೆಯಲು ಬರಬೇಕೆಂಬ ನಿಯಮವಿದೆ. ಕೇರಳದಲ್ಲಿ ಹುಟ್ಟಿದ ಹುಡುಗಿ ಕರ್ನಾಟಕದ ಶಾಖೆಗೆ ಅರ್ಜಿ ಹಾಕುವ ಧೈರ್ಯ ಮಾಡಿದ್ದು ಆ ಬಲದಿಂದ. ಇದೇ ದಂಪತಿಗಳ ಎರಡನೆಯ ಮಗ ಇಂಗ್ಲಿಷ್ ಮಾಧ್ಯಮದಲ್ಲಿದ್ದಾನೆ. ಕನ್ನಡವನ್ನು ಒಂದು ವಿಷಯವಾಗಿಯೂ ತೆಗೆದುಕೊಂಡಿಲ್ಲ. ಅವನ ಕೈಗೆ ನಾಳೆ ಬರುವ ಕಾಗದಗಳಲ್ಲಿ ಈ ಎರಡು ಇರುವುದಿಲ್ಲ. ನಾನು ಅದನ್ನು ಅವರಿಗೆ ಹೇಳಿದೆ. ತಂದೆ ಏನೂ ಹೇಳದೆ ಕವರನ್ನು ಮಡಚಿದರು. ಹೇಳಬಾರದಿತ್ತೋ ಏನೋ, ಕೇಳಲು ಬಂದದ್ದು ಮಗಳ ವಿಷಯ.

ಒಂದು ಮಾತನ್ನು ಮಾತ್ರ ಖಂಡಿತವಾಗಿ ಹೇಳುತ್ತೇನೆ. ನಾವು ನಮ್ಮ ಚಿಕ್ಕ ಮಕ್ಕಳನ್ನು ಕನ್ನಡ ಶಾಲೆಯಿಂದ ಬಿಡಿಸಿ ಆರನೆಯ ದಿನದ ತಲೆ ಎಣಿಕೆಯನ್ನು ಇಳಿಸುತ್ತಿದ್ದೇವೆ. ಅದೇ ನಾವು ಇಪ್ಪತ್ತನಾಲ್ಕರ ಹುಡುಗಿಯೊಬ್ಬಳಿಗೆ 'ನೀನು ಸೇರದಿದ್ದರೆ ಕನ್ನಡ ಶಾಲೆಯ ಗತಿಯೇನು' ಎನ್ನುವ ಹಾಗಿಲ್ಲ. ಶಾಲೆಯ ಹೊರೆ ಅವಳದಲ್ಲ. ಆದರೆ 'ಅಲ್ಲಿ ಭವಿಷ್ಯವಿಲ್ಲ' ಎಂದು ಬ್ಯಾಂಕಿಗೆ ದೂಡುವ ಹಕ್ಕೂ ನಮಗಿಲ್ಲ, ಏಕೆಂದರೆ ಭವಿಷ್ಯದ ವಿಷಯದಲ್ಲಿ ಹಿರಿಯರು ಹೇಳಿದ್ದು 1957ರಲ್ಲೂ ತಪ್ಪಿತು, 1983ರಲ್ಲೂ ತಪ್ಪಿತು.

ಮೊನ್ನೆ ಆ ಹುಡುಗಿ ಒಬ್ಬಳೇ ಬಂದಳು. ಸಂಬಳದ ವಿಷಯ ಎತ್ತಲಿಲ್ಲ, ವರ್ಗಾವಣೆಯ ವಿಷಯವನ್ನೂ ಎತ್ತಲಿಲ್ಲ. "ಆ ಶಾಲೆಯ ಎಂಟನೆಯ ತರಗತಿಯಲ್ಲಿ ಕನ್ನಡದ ಮಕ್ಕಳು ಎಷ್ಟು ಮಂದಿ ಇದ್ದಾರೆ ಮಾಷ್ಟ್ರೇ?" ಎಂದು ಕೇಳಿದಳು. ಅಲ್ಲಿನ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದೆ. ಹತ್ತೊಂಬತ್ತು ಎಂದರು, ಏಳರಲ್ಲಿ ಇಪ್ಪತ್ತಮೂರು, ಆರರಲ್ಲಿ ಹದಿನೇಳು. ಅವಳು ಆದೇಶದ ಹಿಂಬದಿಯಲ್ಲಿ ಮೂರು ಸಂಖ್ಯೆಗಳನ್ನೂ ಒಂದರ ಕೆಳಗೊಂದು ಬರೆದುಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಸೇರಲು ಇನ್ನು ಒಂಬತ್ತು ದಿನಗಳಿವೆ.